ಹೆರಾಲ್ಡ್ ಮಾಡಿದ ಗಿಟಾರ್

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಎಂ.ಎಸ್ಸಿ. ಅರ್ಧಕ್ಕೆ ಬಿಟ್ಟು ಬ್ಯಾಂಡ್ ಜೊತೆ ಹೋಗುತ್ತೇನೆ ಅಂದಾಗ, ನಾನು ಒಂದು ಮಾತೂ ಆಡದೆ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ತಪ್ಪಾಯಿತು. ಆ ರಾತ್ರಿ ನಿನ್ನ ರೂಮಿಗೆ ಹೋಗಿದ್ದೆ. ಗೋಡೆಯ ಮೇಲೆ ಗುಂಗುರು ಕೂದಲಿನ ಬ್ರಯಾನ್ ಮೇ. ಕ್ವೀನ್ ಬ್ಯಾಂಡಿನ ಆ ಗಿಟಾರ್ ವಾದಕನ ಕಥೆಯನ್ನು ನನಗೆ ಹೇಳಿದ್ದು ನೀನೇ. ಅವತ್ತು ಮಾತ್ರ ನನಗೆ ಅವನಿಗಿಂತ ಅವನ ಅಪ್ಪ ಹೆರಾಲ್ಡ್ ಜಾಸ್ತಿ ನೆನಪಾದರು.

1963ರಲ್ಲಿ 16 ವರ್ಷದ ಮಗನಿಗೆ ಬೇಕಾದ ಗಿಟಾರ್ ಕೊಡಿಸಲು ಮನೆಯಲ್ಲಿ ದುಡ್ಡಿರಲಿಲ್ಲ. ಅಪ್ಪ, ಮಗ ಇಬ್ಬರೂ ಕೂತು ತಾವೇ ಮಾಡಿದರು, ಸುಮಾರು 2 ವರ್ಷ. ಬೆಂಕಿಗೂಡಿನ ಮೇಲಿದ್ದ ಹಳೇ ಮರದ ಹಲಗೆ ಕೆತ್ತಿ ಗಿಟಾರಿನ ಕತ್ತು ಮಾಡಿದರು. ಹುಳು ಕೊರೆದ ತೂತಿಗೆ ಬೆಂಕಿಕಡ್ಡಿ ತುಂಬಿದರು. ಮೋಟಾರ್‌ಬೈಕಿನ ಸ್ಪ್ರಿಂಗ್, ಅಮ್ಮನ ಹೊಲಿಗೆ ಡಬ್ಬಿಯ ಗುಂಡಿ, ಸ್ವೆಟರ್ ಹೆಣೆಯುವ ಕಡ್ಡಿಯ ತುದಿ, ಎಲ್ಲವೂ ಅದರಲ್ಲಿ ಸೇರಿತು. ಸ್ಪೀಕರಿನ ಸದ್ದಿಗೆ ತಂತಿ ತಾನಾಗಿ ನಡುಗಿ ಹಾಡುತ್ತಲೇ ಇರಲಿ ಅಂತ ಒಳಗೆ ಪೊಳ್ಳು ಬಿಟ್ಟರು. ಅದೇ ಗಿಟಾರನ್ನು ಒಂದರ ಮೇಲೊಂದು ಪದರವಾಗಿ ರೆಕಾರ್ಡ್ ಮಾಡಿ, ಅವನು ಇಡೀ ವಾದ್ಯಮೇಳದ ನಾದ ತೆಗೆದ. 1977ರ 'ವಿ ವಿಲ್ ರಾಕ್ ಯು' ಹಾಡಿನಲ್ಲಿ ಕೆಲವರೇ ಕಾಲು ಬಡಿದದ್ದು ಸಾವಿರಾರು ಜನ ಬಡಿದ ಹಾಗೆ ಕೇಳಲಿ ಅಂತ, ಸದ್ದುಗಳ ನಡುವಿನ ಅಂತರಕ್ಕೆ ಅವಿಭಾಜ್ಯ ಸಂಖ್ಯೆಗಳನ್ನು ಬಳಸಿದ. ಕಲಿತ ಭೌತಶಾಸ್ತ್ರ ಎಲ್ಲಿಗೂ ಹೋಗಿರಲಿಲ್ಲ, ಅಲ್ವಾ?

ಆದರೆ 1974ರಲ್ಲಿ ಮಗ ಪಿಎಚ್.ಡಿ. ಬಿಟ್ಟಾಗ ಹೆರಾಲ್ಡ್‌ಗೆ ತುಂಬಾ ನೋವಾಯಿತು. ತಾನೇ ಉಜ್ಜಿ ನುಣುಪು ಮಾಡಿದ ಗಿಟಾರ್ ಮಗನನ್ನು ಕರೆದುಕೊಂಡು ಹೋಯಿತು! ಆ ಸಂಕಟ ನನಗೆ ಅರ್ಥವಾಗುತ್ತದೆ ಮಗಳೇ. ಮುಂದೆ ನ್ಯೂಯಾರ್ಕಿನಲ್ಲಿ ಮಗನ ಕಾರ್ಯಕ್ರಮ ಕಣ್ಣಾರೆ ನೋಡಿದ ಮೇಲೆ ಅವರು ಕರಗಿದರು. ಅಂತರಿಕ್ಷದ ದೂಳಿನ ಮೇಲಿನ ಆ ಪಿಎಚ್.ಡಿ.ಯನ್ನು ಬ್ರಯಾನ್ ಮುಗಿಸಿದ್ದು 2007ರಲ್ಲಿ, 60ನೇ ವಯಸ್ಸಿನಲ್ಲಿ. ನೋಡಲು ಅಪ್ಪ ಇರಲಿಲ್ಲ.

ಓದು ಮುಗಿಸು ಅಂತ ಈಗಲೂ ನನ್ನ ಆಸೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿನ್ನ ಬ್ಯಾಂಡ್ ನುಡಿಸುವುದನ್ನು ನಾನು ಒಮ್ಮೆಯೂ ಕೇಳಿಲ್ಲ. ಮುಂದಿನ ಕಾರ್ಯಕ್ರಮ ಯಾವಾಗ ಹೇಳು, ಬರುತ್ತೇನೆ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಾನು ಮಾಡಿಕೊಟ್ಟ ಪ್ಲೈವುಡ್ ಗಿಟಾರ್ ಪೆಟ್ಟಿಗೆಯ ಹಿಡಿ ಅಲ್ಲಾಡುತ್ತಿದೆ ಅಂದಿದ್ದೆಯಲ್ಲ? ಸ್ಕ್ರೂ ತಂದಿಟ್ಟಿದ್ದೇನೆ.

ನಿನ್ನ
ಅಪ್ಪ