ಎರಡು ಎಣ್ಣೆ ಬೆರೆಸಿ ಕರಿಯಬೇಡ, ಮಗಳೇ

ಪ್ರೀತಿಯ ಅನಘಾ,

ನಿನ್ನೆ ರಾತ್ರಿ ನೀನು ಕಳಿಸಿದ ಸಂದೇಶ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. "ಉಳಿದ ತೆಂಗಿನೆಣ್ಣೆಗೆ ಸೂರ್ಯಕಾಂತಿ ಎಣ್ಣೆ ಬೆರೆಸಿಟ್ಟಿದ್ದೇನೆ. ದೀಪಾವಳಿಗೆ ಬಾಳೆಕಾಯಿ ಸೋಂಟೆ, ಚಕ್ಕುಲಿ ಕರಿದು ಮುಗಿಸುತ್ತೇನೆ. ಆಮೇಲೆ ಈ ಮನೆಗೆ ತೆಂಗಿನೆಣ್ಣೆ ಬರುವುದಿಲ್ಲ" ಎಂದು ಬರೆದಿದ್ದೀಯ. ಕೊನೆಯ ಮಾತಿನ ಬಗ್ಗೆ ಆಮೇಲೆ ಹೇಳುತ್ತೇನೆ. ಬೆರೆಸಿದ ಎಣ್ಣೆಯನ್ನು ಬಾಣಲೆಗೆ ಸುರಿದು ಕರಿಯುವುದನ್ನು ಮಾತ್ರ ದಯವಿಟ್ಟು ಮಾಡಬೇಡ. ಬೇಡವೆಂದು ಆಗಲೇ ಉತ್ತರ ಹಾಕಿದೆ. "ಇದೂ ಒಂದು ನಂಬಿಕೆಯೇ ಅಮ್ಮ?" ಎಂದು ಕೇಳಿ ನೀನು ಸುಮ್ಮನಾದೆ. ಫೋನಿನಲ್ಲಿ ಮಾತು ಮುಂದುವರಿಸಿದರೆ ಇಬ್ಬರಿಗೂ ಸಿಟ್ಟೇರುತ್ತದೆ. ಅದಕ್ಕೇ ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಹಬ್ಬಕ್ಕೆ ಮೊದಲು ಓದು.

ಅಪ್ಪ ಎದೆನೋವಿನಿಂದ ಆಸ್ಪತ್ರೆಯಲ್ಲಿದ್ದ ದಿನಗಳನ್ನು ಬರೆಯುವುದಿಲ್ಲ, ನೀನೇ ಪಕ್ಕದಲ್ಲಿದ್ದೆ. ನೀನು ಹೊರಟ ದಿನ ಅಡುಗೆಮನೆಯಲ್ಲಿ ನಡೆದದ್ದನ್ನೂ ಬರೆಯುವುದಿಲ್ಲ. ಅಳಿಯನ ಎದುರು ನಾನು ಹಾಗೆ ಮಾತನಾಡಬಾರದಿತ್ತು ಎಂಬುದೊಂದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ನೀನು ಊಟ ಮಾಡದೆ ವಿಮಾನ ಹತ್ತಿದೆ ಎಂಬುದು ಈಗಲೂ ನನ್ನನ್ನು ಕೊರೆಯುತ್ತದೆ.

ಚಿಕ್ಕಮ್ಮನ ಎಡಗೈಯ ಗಾಯದ ಗುರುತು ನಿನಗೆ ನೆನಪಿದೆ. ಚಿಕ್ಕವಳಿದ್ದಾಗ ನೀನು ಅದರ ಮೇಲೆ ಬೆರಳಾಡಿಸಿ ಕೇಳುತ್ತಿದ್ದೆ, ಅವಳು "ಬಚ್ಚಲ ಹಂಡೆಯ ಬಿಸಿನೀರು" ಎನ್ನುತ್ತಿದ್ದಳು. ಅದು ಬಿಸಿನೀರಲ್ಲ. ಮನೆಯಲ್ಲಿ ಯಾರೂ ಆ ಮಾತನ್ನು ಎತ್ತದ ಕಾರಣ ನಿನಗೆ ಗೊತ್ತಾಗಲಿಲ್ಲ.

ಅಜ್ಜನ ಗಾಣದ ಮನೆಯಲ್ಲಿ ತೆಂಗಿನೆಣ್ಣೆಗೆ ಬರ ಬಂದದ್ದು ಆ ಒಂದು ಮಳೆಗಾಲದಲ್ಲಿ ಮಾತ್ರ. ಜಡಿಮಳೆ, ಅಂಗಳದಲ್ಲಿ ಕೊಬ್ಬರಿ ಒಣಗಿಸಲು ಬಿಸಿಲೇ ಇಲ್ಲ. ಅಟ್ಟದ ಮೇಲೆ ಹೊಗೆಯಲ್ಲಿ ಒಣಗಿಸಿದ ಹೋಳುಗಳಿಗೂ ಬೂಷ್ಟು ಹಿಡಿದಿತ್ತು. ಅಂಥ ಕೊಬ್ಬರಿಯನ್ನು ಅಜ್ಜ ಗಾಣಕ್ಕೆ ಹಾಕುವವರಲ್ಲ. ಡಬ್ಬಿಯಲ್ಲಿ ಉಳಿದದ್ದು ಅರ್ಧ ಬಾಣಲೆಗೆ ಸಾಲುವಷ್ಟು ಎಣ್ಣೆ. ಮರುದಿನ ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಸೋಂಟೆ ಕರಿಯಲೇಬೇಕಿತ್ತು. ರೇಷನ್ ಅಂಗಡಿಯಿಂದ ತಂದ ತಾಳೆ ಎಣ್ಣೆ ಮನೆಯಲ್ಲಿತ್ತು. ಯಾರೋ ಅದನ್ನೇ ಸುರಿದು ಬಾಣಲೆ ತುಂಬಿಸಿದರು.

ಸೋಂಟೆ ಕರಿಯುವ ಕ್ರಮ ನಿನಗೆ ಗೊತ್ತು: ಹೋಳು ಅರೆಬೆಂದಾಗ ಉಪ್ಪುನೀರು ಚಿಮುಕಿಸಬೇಕು. ತೆಂಗಿನೆಣ್ಣೆಯೊಂದೇ ಇದ್ದಾಗ ಎಣ್ಣೆ ಚಟಪಟ ಎಂದು ಉಕ್ಕಿ ಮತ್ತೆ ಇಳಿಯುತ್ತದೆ. ಅಂದು ಇಳಿಯಲಿಲ್ಲ. ಬಿಳಿಯ ನೊರೆ ಏರುತ್ತಲೇ ಹೋಯಿತು, ಬಾಣಲೆಯ ಅಂಚು ದಾಟಿ ಒಲೆಯ ಕೆಂಡಕ್ಕೆ ಸುರಿಯಿತು. ಬೆಂಕಿ ಒಮ್ಮೆಗೇ ಮೇಲೆದ್ದಿತು. ಚಿಕ್ಕಮ್ಮನ ಕೈಯಲ್ಲಿ ಜಾಲರಿ ಸೌಟು ಹಾಗೆಯೇ ಇತ್ತು. ನಾನು ಬಾಗಿಲ ಬಳಿ ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದೆ.

ಒಂದು ವಿಷಯವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಯಾರೋ ಕೊಡಪಾನದಲ್ಲಿ ನೀರು ತೆಗೆದುಕೊಂಡು ಓಡಿಬಂದರು. ಗಾಣದ ಕೊಟ್ಟಿಗೆಯಿಂದ ಬಂದ ಅಜ್ಜ ಆ ಕೊಡಪಾನವನ್ನು ಕಿತ್ತು ಅಂಗಳಕ್ಕೆ ಎಸೆದರು. ಅಕ್ಕಿ ಬೇಯಿಸುವ ದೊಡ್ಡ ಚರಿಗೆಯ ಮುಚ್ಚಳವನ್ನು ಬಾಣಲೆಯ ಮೇಲೆ ಬೋರಲು ಹಾಕಿದರು, ಒಲೆಯ ಸೌದೆಯನ್ನು ಕಾಲಿನಿಂದಲೇ ಹೊರಗೆಳೆದರು. ಉರಿಯುವ ಎಣ್ಣೆಗೆ ಆ ನೀರು ಬಿದ್ದಿದ್ದರೆ ಅದು ಅಡಿಗಿಳಿದು ಆವಿಯಾಗಿ ಎಣ್ಣೆಯನ್ನೆಲ್ಲ ಬೆಂಕಿಯ ಸಮೇತ ಮೇಲಕ್ಕೆ ಚಿಮ್ಮಿಸುತ್ತಿತ್ತು. ಹುಲ್ಲಿನ ಮಾಡು, ಕೆಳಗೆ ನಾವೆಲ್ಲ ಹೆಂಗಸರು ಮಕ್ಕಳು. ಚಿಕ್ಕಮ್ಮನ ಕೈಯೊಂದರಲ್ಲೇ ಮುಗಿಯಿತು. ಮರುದಿನ ಬರಬೇಕಿದ್ದವರು ಬಂದರು, ಕೈಯ ಬಟ್ಟೆಯ ಕಟ್ಟು ನೋಡಿದರು, ಹೋದರು. ಆ ಸಂಬಂಧ ಕೂಡಿಬರಲಿಲ್ಲ.

ಇದು ನಂಬಿಕೆಯಲ್ಲ, ಅನಘಾ. ನಾನು ವಿಜ್ಞಾನ ಕಲಿಸಿದವಳು, ಕಾರಣ ಹೇಳದೆ ಬಿಡುವುದಿಲ್ಲ. ತೆಂಗಿನೆಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ. ಅದರ ಇಂಗಾಲದ ಸರಪಳಿ ಗಿಡ್ಡ. ಸೂರ್ಯಕಾಂತಿ, ತಾಳೆ, ಶೇಂಗಾ ಎಣ್ಣೆಗಳಲ್ಲಿ ಸರಪಳಿ ಉದ್ದ. ಈ ಎರಡು ಜಾತಿಯನ್ನು ಬೆರೆಸಿ ಕಾಯಿಸಿ, ಅದಕ್ಕೆ ನೀರಿನಂಶವಿರುವ ಪದಾರ್ಥ ಬಿಟ್ಟರೆ ಆವಿಯಿಂದ ಏಳುವ ಗುಳ್ಳೆಗಳು ಬೇಗ ಒಡೆಯುವುದಿಲ್ಲ, ನೊರೆಯಾಗಿ ನಿಲ್ಲುತ್ತವೆ. ಕರಿಯುವ ತಿಂಡಿಯನ್ನೇ ಕಸುಬಾಗಿಸಿಕೊಂಡವರು ಒಂದು ಬಾಣಲೆಗೆ ಒಂದೇ ಎಣ್ಣೆ ಹಾಕುವುದಕ್ಕೆ ಇದೂ ಒಂದು ಕಾರಣ. ಮ್ಯೂನಿಕ್ಕಿನ ನಿನ್ನ ಮನೆಯಲ್ಲಿ ಸೌದೆ ಒಲೆಯಿಲ್ಲ, ಗೊತ್ತು. ಆದರೆ ಕರೆಂಟಿನ ಒಲೆಯ ಗಾಜಿನ ತಟ್ಟೆ ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಕಾದಿರುತ್ತದೆ, ಉಕ್ಕಿದ ಎಣ್ಣೆ ಅದರ ಮೇಲೆಯೇ ಹರಿಯುತ್ತದೆ. ನೀನು ಒಬ್ಬಳೇ ಇರುತ್ತೀಯ. ಅಳಿಯ ಮನೆಗೆ ಬರುವುದು ಸಂಜೆ. ಅಲ್ಲಿ ಕೊಡಪಾನ ಕಿತ್ತುಕೊಳ್ಳಲು ಯಾರಿದ್ದಾರೆ?

ಬಾಣಲೆಗೆ ಸರಿಯಾಗಿ ಕೂರುವ ಮುಚ್ಚಳವನ್ನು ಕರಿಯಲು ಕೂರುವ ಮೊದಲೇ ಕೈಗೆಟಕುವಲ್ಲಿ ಇಟ್ಟುಕೋ. ಎಣ್ಣೆ ಅರ್ಧ ಬಾಣಲೆಗಿಂತ ಮೇಲೆ ಬರಬಾರದು. ಗಾಣದ ತೆಂಗಿನೆಣ್ಣೆ 175 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡುತ್ತದೆ. ಕರಿಯುವುದಕ್ಕೂ ಸುಮಾರು ಅಷ್ಟೇ ಶಾಖ ಬೇಕು, ಅಂದರೆ ಅದು ಅಂಚಿನಲ್ಲೇ ಇರುತ್ತದೆ. ಸಣ್ಣ ಉರಿಯಲ್ಲಿ ಕರಿ, ಹೊಗೆ ಕಂಡರೆ ನಿಲ್ಲಿಸು. ಬೆಂಕಿ ಹಿಡಿದರೆ ಒಲೆ ಆರಿಸು, ಮುಚ್ಚಳ ಮುಚ್ಚು, ಬಾಣಲೆಯನ್ನು ಎತ್ತಿಕೊಂಡು ಓಡಬೇಡ, ನೀರು ಮುಟ್ಟಬೇಡ. ನೀರು ಮುಟ್ಟಬೇಡ ಎಂದು ಇನ್ನೊಮ್ಮೆ ಬರೆಯುತ್ತೇನೆ.

ಈಗ ನಿನ್ನ ಕೊನೆಯ ಮಾತು. ನೀನು ಕಳಿಸಿದ ಲೇಖನಗಳನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ್ದೇನೆ. ತೆಂಗಿನೆಣ್ಣೆಯಲ್ಲಿ ಶೇ 80ಕ್ಕಿಂತ ಹೆಚ್ಚು ಪರ್ಯಾಪ್ತ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು, ಎನ್ನುವುದು ನಿಜ. ಅಮೆರಿಕದ ಹೃದಯ ಸಂಘ 2017ರಲ್ಲಿ ಅದನ್ನು ಬಳಸಬೇಡಿ ಎಂದು ಹೇಳಿದ್ದೂ, 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೆಟ್ಟ ಕೊಲೆಸ್ಟರಾಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿದ್ದು ಕಂಡದ್ದೂ ನಿಜ. ಬೆಳಿಗ್ಗೆ ಎದ್ದು ಚಮಚಗಟ್ಟಲೆ ತೆಂಗಿನೆಣ್ಣೆ ಕುಡಿಯಿರಿ ಎನ್ನುವ ವಿಡಿಯೊಗಳನ್ನು ಅಪ್ಪನಿಗೆ ಯಾರಾದರೂ ಕಳಿಸಿದರೆ ನಾನೇ ಅಳಿಸುತ್ತೇನೆ. ಅಜ್ಜ ಜೀವನವಿಡೀ ಇದನ್ನೇ ಉಂಡು ಗಟ್ಟಿಯಾಗಿದ್ದರು ಎಂದು ನಾನು ಹೇಳಿದಾಗ, ಅಜ್ಜ ಎತ್ತಿನ ಹಿಂದೆ ದಿನವಿಡೀ ಸುತ್ತುತ್ತಿದ್ದರು ಎಂದು ನೀನು ಹೇಳಿದೆ. ಆ ಮಾತು ನನಗೆ ಒಪ್ಪಿಗೆಯಾಗಿದೆ. ಅಪ್ಪ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತೇ ನಿವೃತ್ತರಾದವರು.

ಆದರೆ ಲೆಕ್ಕವನ್ನು ಪೂರ್ತಿ ಮಾಡು. ಒಂದು ಸಣ್ಣ ಚಮಚ ತೆಂಗಿನೆಣ್ಣೆ ಎಂದರೆ ನಾಲ್ಕೂವರೆ ಗ್ರಾಂ, ಅದರಲ್ಲಿ ಪರ್ಯಾಪ್ತ ಕೊಬ್ಬು ಸುಮಾರು ನಾಲ್ಕು ಗ್ರಾಂ. ಕೊಲೆಸ್ಟರಾಲ್ ಇಳಿಸಬೇಕಾದವರಿಗೆ ಅದೇ ಅಮೆರಿಕದ ಸಂಘ ಹೇಳುವ ಪರ್ಯಾಪ್ತ ಕೊಬ್ಬಿನ ಮಿತಿ ಒಟ್ಟು ಕ್ಯಾಲೊರಿಯ ಶೇ 5ರಿಂದ 6. 2000 ಕ್ಯಾಲೊರಿ ಉಣ್ಣುವವರಿಗೆ ದಿನಕ್ಕೆ ಸುಮಾರು 13 ಗ್ರಾಂ. ಹಾಲು, ಮೊಸರು, ಕಾಯಿತುರಿ ಎಲ್ಲವೂ ಅದರೊಳಗೇ ಬರಬೇಕು. ಆದ್ದರಿಂದ ಅಪ್ಪನ ಅಡುಗೆಯನ್ನು ಬದಲಿಸಿದ್ದೇನೆ. ಹಪ್ಪಳವನ್ನು ಕೆಂಡದಲ್ಲಿ ಸುಡುತ್ತೇನೆ. ಪಲ್ಯದ ಒಗ್ಗರಣೆಗೆ ನೀನು ತಂದಿಟ್ಟ ಸೂರ್ಯಕಾಂತಿ ಎಣ್ಣೆ. ಸಾರಿಗೆ ಒಗ್ಗರಣೆಯೇ ಇಲ್ಲ. ಸುಟ್ಟ ಬದನೆಯ ಗೊಜ್ಜಿಗೆ ಮಾತ್ರ ಕೊನೆಯಲ್ಲಿ ಅರ್ಧ ಚಮಚ ಹಸಿ ತೆಂಗಿನೆಣ್ಣೆ ಬಿಡುತ್ತೇನೆ. ವೈದ್ಯರನ್ನು ಕೇಳಿಯೇ ಬಿಡುತ್ತಿದ್ದೇನೆ. ಆ ಅರ್ಧ ಚಮಚ ಇಲ್ಲದ ದಿನ ಅಪ್ಪ ತಟ್ಟೆಯಲ್ಲಿ ಅನ್ನ ಬಿಡುತ್ತಾರೆ. ಕಾಯಿಸದೆ ಕೊನೆಗೆ ಬಿಟ್ಟ ಎಣ್ಣೆಗೆ ಪರಿಮಳ ಹೆಚ್ಚು, ಸ್ವಲ್ಪವೇ ಸಾಕಾಗುತ್ತದೆ. ನಮ್ಮ ಅಡುಗೆಯಲ್ಲಿ ಈ ಎಣ್ಣೆಯ ನಿಜವಾದ ಜಾಗ ಅದೇ ಎಂದು ನನಗೆ ಈಗ ಅನ್ನಿಸುತ್ತದೆ. ಬಾಣಲೆ ತುಂಬ ಸುರಿಯುವ ವಸ್ತು ಅದಲ್ಲ.

ನಿನ್ನ ಅತ್ತೆ ಮನೆಯವರಿಗೆ ಇದು ತಲೆಗೆ ಹಚ್ಚುವ ಎಣ್ಣೆ. ಹಾಸನದ ಕಡೆ ಶೇಂಗಾ ಎಣ್ಣೆಯಲ್ಲಿ ಬೆಳೆದ ಮೂಗಿಗೆ ಹಾಗನ್ನಿಸುವುದು ಸಹಜ. ಸಣ್ಣ ಬಾಟಲಿಯ ಶುದ್ಧ ತೆಂಗಿನೆಣ್ಣೆ ತಿನ್ನುವ ಎಣ್ಣೆಯೋ ಕೂದಲಿನ ಎಣ್ಣೆಯೋ ಎಂಬ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2024ರ ಡಿಸೆಂಬರಿನಲ್ಲಷ್ಟೇ ತಿನ್ನುವ ಎಣ್ಣೆ ಎಂದು ತೀರ್ಮಾನವಾಯಿತು. ಆದರೆ ಅತ್ತೆಯವರಿಗಾಗಿ ನೀನು ನಾಲಿಗೆ ಬದಲಿಸಿಕೊಳ್ಳುತ್ತಿದ್ದೀಯೋ ಅಪ್ಪನ ಎದೆನೋವಿಗಾಗಿಯೋ, ನನಗೆ ಸ್ಪಷ್ಟವಾಗಲಿಲ್ಲ. ಎರಡನೆಯದಾದರೆ ನಾನು ಏನೂ ಹೇಳುವುದಿಲ್ಲ. ನಿನ್ನ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸು. ತಂದೆಗೆ ಬಂದದ್ದು ಮಕ್ಕಳಿಗೂ ಬರುವ ಸಾಧ್ಯತೆ ಇದೆ ಎಂದು ವೈದ್ಯರು ಹೇಳಿದ್ದು ನಿನಗೂ ಕೇಳಿಸಿತ್ತು. ವರದಿ ಬರುವ ತನಕ ನನಗೆ ಸಮಾಧಾನವಿರುವುದಿಲ್ಲ.

ಬೇಕಿಂಗ್ ವಿಷಯಕ್ಕೆ ಬರುತ್ತೇನೆ, ಅಲ್ಲಿ ನೀನು ನನ್ನ ಗುರು. ಮರಳು ಹರಡಿದ ಕುಕ್ಕರಿನಲ್ಲಿ ನೀನು ತೆಂಗಿನೆಣ್ಣೆ ಹಾಕಿ ಮಾಡಿದ ಬಾಳೆಹಣ್ಣಿನ ಕೇಕನ್ನು ಅಜ್ಜ ಕೇಳಿ ಕೇಳಿ ತಿಂದರು. ಗಾಣದ ಎಣ್ಣೆಯಿಂದ ಇಂಥದ್ದೂ ಆಗುತ್ತದೆ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ನಿನಗೆ ಯಾವತ್ತೂ ಹೇಳಿಲ್ಲ. ಕಳೆದ ಚಳಿಗಾಲದಲ್ಲಿ ಅಲ್ಲಿ ಕೇಕಿನ ಹಿಟ್ಟಿನಲ್ಲಿ ಬಿಳಿ ಗಂಟುಗಳು ಬಂದವು, ಎಣ್ಣೆ ಕೆಟ್ಟಿರಬೇಕು ಎಂದೆಯಲ್ಲ. ಎಣ್ಣೆ ಕೆಟ್ಟಿರಲಿಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಕರಗಿಸಿದ ಎಣ್ಣೆಗೆ ಫ್ರಿಜ್ಜಿನಿಂದ ತೆಗೆದ ಮೊಟ್ಟೆ, ಮೊಸರು ತಾಗಿದೊಡನೆ ಅದು ಹೆಪ್ಪುಗಟ್ಟಿತು. ಅವನ್ನು ಮೊದಲೇ ಹೊರಗಿಡು, ಹಾಲನ್ನು ಉಗುರುಬೆಚ್ಚಗೆ ಮಾಡಿಕೋ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಮಾತ್ರ ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 100 ಗ್ರಾಂ ಬೆಣ್ಣೆಯ ಬದಲು 80 ಗ್ರಾಂ ತೆಂಗಿನೆಣ್ಣೆ, ಜೊತೆಗೆ ಒಂದೆರಡು ಚಮಚ ಹಾಲು. ಬಿಸ್ಕತ್ತಿನ ಹಿಟ್ಟನ್ನು ತಟ್ಟಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಯಿಸು, ಇಲ್ಲವಾದರೆ ಓವನ್ನಿನೊಳಗೆ ಹೋದ ಕೂಡಲೇ ಕರಗಿ ಹರಡಿಕೊಳ್ಳುತ್ತದೆ. ಓವನ್ನಿನ ಶಾಖ 180 ಡಿಗ್ರಿ ಇದೆಯೆಂದು ಹೊಗೆಯ ಭಯ ಬೇಡ, ಕೇಕಿನ ಒಳಗೆ 100 ಡಿಗ್ರಿ ದಾಟುವುದಿಲ್ಲ. ಕೇಕು ತಿಂಗಳಿಗೊಮ್ಮೆ ಸಾಕು. ಅದರಲ್ಲಿರುವ ಸಕ್ಕರೆಯೂ ಒಳ್ಳೆಯದೇನಲ್ಲ.

ಸೋಪಿನ ರುಚಿ ಬಂದ ಎಣ್ಣೆಯನ್ನು ಮಾತ್ರ ಬಳಸಬೇಡ. ನೀರಿನ ಪಸೆ ಸೇರಿ ಕೊಬ್ಬು ಒಡೆದು ಲಾರಿಕ್ ಆಮ್ಲ ಬೇರ್ಪಟ್ಟಾಗ ಆ ರುಚಿ ಬರುತ್ತದೆ. ಒದ್ದೆ ಚಮಚ ಬಾಟಲಿಗೆ ಹಾಕುವ ಅಭ್ಯಾಸ ನಿನಗೆ ಮೊದಲಿನಿಂದಲೂ ಇದೆ.

ಬೆರೆಸಿಟ್ಟ ಆ ಬಾಟಲಿಯನ್ನು ಚೆಲ್ಲಬೇಕಾಗಿಲ್ಲ. ದೋಸೆ ಕಾವಲಿಗೆ ಸವರು, ಪಲ್ಯಕ್ಕೆ ಚಮಚ ಹಾಕು, ಅಷ್ಟಕ್ಕೆ ಏನೂ ಆಗುವುದಿಲ್ಲ. ಕರಿಯಲು ಹೊಸ ಸೂರ್ಯಕಾಂತಿ ಎಣ್ಣೆಯನ್ನು ಮಾತ್ರ ಬಳಸು, ಅಪ್ಪಟ ಒಂದೇ ಎಣ್ಣೆ. ಹಳೆಯದನ್ನು ಎಸೆಯಲೇಬೇಕೆನ್ನಿಸಿದರೆ ಸಿಂಕಿಗೆ ಸುರಿಯಬೇಡ. ಅಲ್ಲಿಯ ಚಳಿಗೆ ಕೊಳವೆಯೊಳಗೆ ಹೆಪ್ಪುಗಟ್ಟಿ ಕೂರುತ್ತದೆ, ಮನೆಯ ಮಾಲೀಕರ ಹತ್ತಿರ ಮಾತು ಕೇಳಬೇಕಾಗುತ್ತದೆ.

ಚಿಕ್ಕಮ್ಮನಿಗೆ ನಾನು ಇದನ್ನು ಬರೆದದ್ದು ಗೊತ್ತಿಲ್ಲ. ಫೋನಿನಲ್ಲಿ ಅವಳ ಬಳಿ ಏನೂ ಕೇಳಬೇಡ. ಅಪ್ಪನ ರಕ್ತಪರೀಕ್ಷೆ ಮುಂದಿನ ವಾರ, ವರದಿ ಕಳಿಸುತ್ತೇನೆ. ಹಬ್ಬದ ದಿನ ಬಾಣಲೆ ಇಡುವ ಮೊದಲು ನನಗೆ ವಿಡಿಯೊ ಕರೆ ಮಾಡು. ನಾನು ಮಾತನಾಡಬಾರದು ಎಂದರೆ ಮಾತನಾಡುವುದಿಲ್ಲ. ಕರಿದು ಮುಗಿಯುವ ತನಕ ಫೋನನ್ನು ಒಲೆ ಕಾಣುವಂತೆ ಇಡು, ಸಾಕು.

ನಿನ್ನ ಅಮ್ಮ