ಗುಡಿ ಮುಂದಿನ ಬೋರ್‌ವೆಲ್‌ಗೆ ಹೈಡ್ರೋಫ್ರಾಕ್ಚರಿಂಗ್: ಗ್ರಾಮಸ್ಥರ ಮನವಿ

ಇವರಿಗೆ,
ಅಧ್ಯಕ್ಷರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಚೇರಿ,
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ.

ವಿಷಯ: ಮಾರಮ್ಮನ ಗುಡಿ ಮುಂದಿನ ಬೋರ್‌ವೆಲ್‌ಗೆ ಹೈಡ್ರೋಫ್ರಾಕ್ಚರಿಂಗ್ ಮಾಡಿಸುವ ಮೊದಲು ಕೇಸಿಂಗ್ (ಬೋರ್ ಒಳಗೆ ಮೇಲ್ಭಾಗದಲ್ಲಿ ಇಳಿಸಿರುವ ರಕ್ಷಣೆಯ ಪೈಪು) ರಿಪೇರಿ ಮತ್ತು ನೀರಿನ ಪರೀಕ್ಷೆ ಮಾಡಿಸುವ ಬಗ್ಗೆ.

ಮಾನ್ಯರೆ,

ಗುಡಿ ಮುಂದಿನ ಬೋರ್‌ವೆಲ್‌ನಲ್ಲಿ ಈ ಬೇಸಿಗೆ ನೀರು ತೀರಾ ಇಳಿದುಹೋಗಿದೆ. ಹೊಸದು ಕೊರೆಸುವ ಬದಲು ಇದಕ್ಕೇ ಹೈಡ್ರೋಫ್ರಾಕ್ಚರಿಂಗ್, ಅಂದರೆ ಒತ್ತಡದಲ್ಲಿ ನೀರು ಬಿಟ್ಟು ಕಲ್ಲಿನ ಬಿರುಕು ತೆರೆಸುವ ಕೆಲಸ, ಮಾಡಿಸುತ್ತಾರೆ ಎಂದು ನೀರುಗಂಟಿಯವರಿಂದ ತಿಳಿಯಿತು. ಕೆಲಸ ಬೇಡ ಎನ್ನಲು ನಾವು ಬರೆಯುತ್ತಿಲ್ಲ. ನೀರು ಬೇಕೇ ಬೇಕು. ಆದರೆ ಬೋರ್ ಈಗಿರುವ ಸ್ಥಿತಿಯಲ್ಲೇ ಮಾಡಿಸಬೇಡಿ ಎಂಬುದಷ್ಟೇ ನಮ್ಮ ಮನವಿ.

ಅಮೆರಿಕದಲ್ಲಿ ನಲ್ಲಿ ನೀರಿಗೆ ಬೆಂಕಿ ಹತ್ತುವ ವಿಡಿಯೊ ಊರಿನ ಹುಡುಗರ ಮೊಬೈಲ್‌ನಲ್ಲಿ ಓಡಾಡುತ್ತಿದೆ. ನೋಡಿ ಕೆಲವರು ಸುಮ್ನೆ ಹೆದರಿಕೊಂಡಿದ್ದಾರೆ. ಹೆಸರು ಒಂದೇ ಥರ ಇದ್ದರೂ ಅದು ಬೇರೆ, ಇದು ಬೇರೆ. ಅಲ್ಲಿ ಗ್ಯಾಸ್, ಎಣ್ಣೆ ತೆಗೆಯಲು ಬಹಳ ಆಳದ ಶೇಲ್ ಬಂಡೆಗೆ ನೀರು, ಮರಳು, ರಾಸಾಯನಿಕ ಬೆರೆಸಿ ನುಗ್ಗಿಸುತ್ತಾರೆ. ಫ್ರಾನ್ಸ್ 2011ರಲ್ಲೇ ಅದನ್ನು ನಿಷೇಧಿಸಿತು. ನಮ್ಮಲ್ಲಿ ಬಿಡುವುದು ಬರೀ ನೀರು. ಬೋರ್ ಒಳಗೆ ಬಿರಡೆಯಂತೆ ಕೂರುವ ರಬ್ಬರ್ ಪ್ಯಾಕರ್ ಇಳಿಸಿ, ಉಬ್ಬಿಸಿ, ಅದರ ಕೆಳಗೆ ಕಾರಿನ ಟೈರಿಗಿಂತ ಹತ್ತಾರು ಪಟ್ಟು ಜಾಸ್ತಿ ಒತ್ತಡದಲ್ಲಿ ನೀರು ಬಿಡುತ್ತಾರೆ. ಕಲ್ಲಿನೊಳಗೆ ಮುಚ್ಚಿಹೋದ ಬಿರುಕುಗಳು ತೆರೆದುಕೊಳ್ಳುತ್ತವೆ. ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ಹೊತ್ತಿಕೊಳ್ಳಲು ಅಂಥ ಗ್ಯಾಸ್ ಇಲ್ಲ.

ಆದರೂ ಅವರ ಅನುಭವದಲ್ಲಿ ನಮಗೆ ಬೇಕಾದದ್ದು ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ಗ್ಯಾಸ್, ಎಣ್ಣೆಯ ಆ ಕೆಲಸದಿಂದ ಕುಡಿಯುವ ನೀರು ಯಾವಾಗ ಕೆಡುತ್ತದೆ ಎಂದು ಪಟ್ಟಿ ಮಾಡಿದೆ. ಬಾವಿಯ ಕೊಳವೆ ಭದ್ರವಿಲ್ಲದಿದ್ದಾಗ ಎಂಬುದು ಒಂದು. ಕೊಳಕು ನೀರನ್ನು ತಳ ಕಟ್ಟದ ಗುಂಡಿಗೆ ಬಿಟ್ಟಾಗ ಎಂಬುದು ಇನ್ನೊಂದು. ಈ ಎರಡೂ ತೊಂದರೆ ನಮ್ಮ ಗುಡಿ ಮುಂದೆಯೇ ಇವೆ.

ದಯವಿಟ್ಟು ಒಮ್ಮೆ ಬಂದು ನೋಡಿ. ಕೇಸಿಂಗ್ ಪೈಪು ನೆಲದ ಮಟ್ಟಕ್ಕೆ ತುಕ್ಕು ಹಿಡಿದು ತಿಂದುಹೋಗಿದೆ. ಮುಚ್ಚಳ ಇಲ್ಲ, ಪಂಪಿನ ಪೈಪಿನ ಸುತ್ತ ಗೋಣಿಚೀಲ ತುರುಕಿದ್ದಾರೆ. ಪಕ್ಕದಲ್ಲೇ ದನ ನೀರು ಕುಡಿಯುವ ತೊಟ್ಟಿ. ಅದು ತುಂಬಿ ಹರಿದ ನೀರು ಸಗಣಿ ಸಮೇತ ಪೈಪಿನ ಬುಡದಲ್ಲಿ ನಿಲ್ಲುತ್ತದೆ. ಎದುರು ಸಾಲಿನ ಮನೆಗಳ ಶೌಚದ ಇಂಗುಗುಂಡಿಗಳು ಕೂಗಳತೆಯಲ್ಲೂ ಅಲ್ಲ, ನಾಲ್ಕು ಹೆಜ್ಜೆಯಲ್ಲಿವೆ. ಜೋರು ಮಳೆಯಾದ ಮರುದಿನ ತೊಂಬೆಯಲ್ಲಿ ಕೆಂಪು ನೀರು ಬರುತ್ತದೆ. ಅಷ್ಟು ಆಳದ ನೀರು ಒಂದೇ ರಾತ್ರಿಗೆ ಕೆಂಪಾಗುತ್ತದೆಯೇ? ಮೇಲಿನ ನೀರು ಈಗಲೇ ಒಳಗೆ ಇಳಿಯುತ್ತಿದೆ ಅಲ್ವಾ?

ಮಣ್ಣು ಕೊಳಕನ್ನು ಸ್ವಲ್ಪವಾದರೂ ಸೋಸುತ್ತದೆ. ಬಿರುಕು ಬಿಟ್ಟ ಬಂಡೆ ಸೋಸುವುದಿಲ್ಲ. ದಾರಿ ಅಗಲ ಮಾಡಿಕೊಟ್ಟರೆ ಶೌಚಗುಂಡಿಯ ಕೊಳಕೂ ಅದೇ ದಾರಿಯಲ್ಲಿ ಬರುತ್ತದೆ. ವಾಂತಿಭೇದಿಯ ಕ್ರಿಮಿ ನೀರು ಕುದಿಸಿದರೆ ಸಾಯುತ್ತದೆ. ಶೌಚಗುಂಡಿ, ತಿಪ್ಪೆ, ಯೂರಿಯಾದಿಂದ ಬರುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಕಾರ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದಕ್ಕಿಂತ ಬಹಳ ಹೆಚ್ಚಾದರೆ ಆರು ತಿಂಗಳೊಳಗಿನ, ಬಾಟಲಿ ಹಾಲಿನ ಕೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಯಾಗುತ್ತದೆ. ಹೊಸ ಬಿರುಕಿನಿಂದ ಬರುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದೂ ನೋಡಬೇಕು. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಆರ್‌ಒ ಘಟಕ ಇದೆಯಲ್ಲ ಎನ್ನಬಹುದು. ಅದು ಕೆಟ್ಟು ನಿಂತ ದಿನ ಅಂಗನವಾಡಿಯವರೂ ಬಿಂದಿಗೆ ಹಿಡಿದು ಬರುವುದು ಇದೇ ತೊಂಬೆಗೆ.

ಆದ್ದರಿಂದ ಮೊದಲು ಕ್ಯಾಮೆರಾ ಇಳಿಸಿ ಕೇಸಿಂಗ್ ಎಲ್ಲೆಲ್ಲಿ ತೂತಾಗಿದೆ ನೋಡಿಸಿ. ಕೆಟ್ಟಿದ್ದರೆ ಬದಲಿಸಿ, ಸುತ್ತ ಸಿಮೆಂಟ್ ತುಂಬಿಸಿ, ಎತ್ತರದ ಕಟ್ಟೆ ಕಟ್ಟಿಸಿ. ತೊಟ್ಟಿ ಬೇರೆ ಕಡೆ ಹೋಗಲಿ, ಅದಕ್ಕೆ ಜಾಗ ನಾವೇ ತೋರಿಸುತ್ತೇವೆ. ಪ್ಯಾಕರ್ ಅನ್ನು ಕೇಸಿಂಗ್‌ನ ತುದಿಗಿಂತ ಸಾಕಷ್ಟು ಕೆಳಗೆ, ಗಟ್ಟಿ ಕಲ್ಲಿನಲ್ಲೇ ಕೂರಿಸಲು ಭೂವಿಜ್ಞಾನಿಯವರು ಸ್ಥಳದಲ್ಲೇ ನಿಂತು ಹೇಳಲಿ. ಗುತ್ತಿಗೆದಾರರ ಟ್ಯಾಂಕರ್‌ಗೆ ಕೆರೆ ನೀರು ತುಂಬಿಸಬಾರದು, ಕ್ಲೋರಿನ್ ಹಾಕಿದ ಶುದ್ಧ ನೀರೇ ಆಗಬೇಕು. ಇದೊಂದರಲ್ಲಿ ರಿಯಾಯಿತಿ ಬೇಡ. ಕೆಲಸದ ನಂತರ ಮೊದಲು ಬರುವ ನೀರನ್ನು ತೊಂಬೆಗೆ ಏರಿಸದೆ ಹೊರಗೆ ಬಿಡಲಿ.

ನೀರನ್ನು ಕೆಲಸಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ವರದಿಯನ್ನು ಪಂಚಾಯಿತಿ ಬೋರ್ಡಿಗೆ ಹಾಕಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ 5 ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಮ್ಮ ಸ್ವಸಹಾಯ ಸಂಘದವರು ತಯಾರಿದ್ದಾರೆ, ಕಿಟ್ ಕೊಡಿಸಿ. ಸುತ್ತಲಿನ ರೈತರ ಬೋರ್‌ಗಳಲ್ಲಿ ಈಗ ನೀರು ಎಷ್ಟಿದೆ ಎಂದೂ ಬರೆದಿಟ್ಟುಕೊಳ್ಳಿ. ಆಮೇಲೆ 'ನನ್ನ ನೀರು ನಿಮ್ಮ ಬೋರ್‌ಗೆ ಹೋಯ್ತು' ಎಂಬ ಜಗಳ ಬೇಡ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ ಎಂದು ಗೊತ್ತು. ಅಲ್ಲಿಯವರೆಗೆ ದಿನ ಬಿಟ್ಟು ದಿನ ಟ್ಯಾಂಕರ್ ಕಳಿಸಿದರೆ ಸಾಕು, ಹೇಗೋ ಸುಧಾರಿಸಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳು, ನಾಗಮಂಗಲ.