ಹಾಡಿನ ನಾಟಕ ಒಳಹಳ್ಳಿಯ ಮಕ್ಕಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಸಿಕ್ಕಿದೆ, ಕಾಸರಗೋಡಿನ ಅಲ್ಲಲ್ಲಿ ಬೇಸಿಗೆ ಶಿಬಿರಗಳು ಶುರುವಾಗಿವೆ. ಚಿತ್ರ, ಕಾಗದದ ಕೆಲಸ ಎಲ್ಲ ಇರಲಿ. ಹಾಡುತ್ತ ಆಡುವ ನಾಟಕಕ್ಕೆ ಮಾತ್ರ ಅವುಗಳಲ್ಲಿ ದೊಡ್ಡ ಜಾಗ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನ ಮಗಳಿಗೆ ಉಗ್ಗು ಇದೆ. ಹಾಜರಿ ಕರೆದಾಗ 'ಪ್ರೆಸೆಂಟ್ ಟೀಚರ್' ಎನ್ನಲಾಗದೆ ಕೈ ಎತ್ತಿ ಸುಮ್ಮನಾಗುತ್ತಿದ್ದಳು. ಕಳೆದ ಎಪ್ರಿಲಿನಲ್ಲಿ ಊರ ವಾಚನಾಲಯದ ಹಿಂದೆ ಚಪ್ಪರ ಹಾಕಿ ಹತ್ತು ದಿನದ ಶಿಬಿರ ನಡೆಸಿದರು. ಮೂರು ದಿನ ಅವಳು ಕಂಬಕ್ಕೆ ಒರಗಿ ಕೂತೇ ಇದ್ದಳು. ಹೇಳಿಕೊಡುವವರು ಒತ್ತಾಯ ಮಾಡಲಿಲ್ಲ, ಕೈಗೆ ತಾಳ ಕೊಟ್ಟರು. ತಾಳ ಹಾಕುತ್ತ ಹಾಕುತ್ತ ತುಟಿ ಅಲುಗಿತು, ಆಮೇಲೆ ಎಲ್ಲರ ದನಿಯೊಳಗೆ ಅವಳ ದನಿಯೂ ಸೇರಿತು. ಕೊನೆಯ ದಿನ ಕಾಗೆಯಾಗಿ ಎರಡು ಸಾಲು ಒಬ್ಬಳೇ ಹಾಡಿದಳು. ಅಡಿಕೆ ಹಾಳೆಯ ಆ ಕೊಕ್ಕು ಇವತ್ತಿಗೂ ನಮ್ಮ ಚಾವಡಿಯ ಗೋಡೆಯಲ್ಲಿದೆ.

ಉಗ್ಗುವವರು ಹಾಡುವಾಗ, ನಾಲ್ಕು ಜನರ ಜತೆ ಒಟ್ಟಾಗಿ ಹೇಳುವಾಗ ಸಾಮಾನ್ಯವಾಗಿ ತಡವರಿಸುವುದಿಲ್ಲ. ಮಾತಿನ ಚಿಕಿತ್ಸೆ ಮಾಡುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಹಾಗೆಂದು ಮಗಳ ಉಗ್ಗು ಹೋಗಿಲ್ಲ. ತಡೆದು ತಡೆದೇ ಆದರೂ ಈಗ ಕ್ಲಾಸಿನಲ್ಲಿ ಉತ್ತರ ಹೇಳುತ್ತಾಳೆ, ಅರ್ಧಕ್ಕೆ ಬಿಡುವುದಿಲ್ಲ.

ಉಗ್ಗಿಲ್ಲದ ಮಕ್ಕಳ ಬಾಯಿ ಕಟ್ಟುವುದಕ್ಕೂ ಈ ಗಡಿಯಲ್ಲಿ ಕಾರಣವಿದೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮಲಯಾಳವೋ, ಶಾಲೆಯಲ್ಲಿ ಪುಸ್ತಕದ ಕನ್ನಡ. ತಪ್ಪಿದರೆ ನಗುತ್ತಾರೆಂದು ಮಗು ಮಾತನ್ನೇ ನುಂಗುತ್ತದೆ. ಹಾಡಿನಲ್ಲಾದರೆ ಪದ ತಾಳಕ್ಕೆ ಕೂತು ತಾನಾಗಿ ನಾಲಗೆಗೆ ಹತ್ತುತ್ತದೆ.

ಇದನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬನ ನಾಡಿದು. ಪದ, ಕುಣಿತ, ಮಾತು ಒಟ್ಟಿಗೇ ಬರುವ ಯಕ್ಷಗಾನವನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಪಕ್ಕದ ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ರಂಗನಿರ್ದೇಶಕ ಬಿ.ವಿ. ಕಾರಂತರು ಮಕ್ಕಳ ನಾಟಕಗಳಿಗೆ ಹಾಡನ್ನೇ ಉಸಿರಾಗಿಸಿದರು. 1989ರಲ್ಲಿ ಅವರ ನೇತೃತ್ವದಲ್ಲಿ ಶುರುವಾದ ಮೈಸೂರಿನ ನಾಟಕ ಸಂಸ್ಥೆ ರಂಗಾಯಣವು ಬೇಸಿಗೆಯಲ್ಲಿ ಮಕ್ಕಳಿಗಾಗಿ ಚಿಣ್ಣರ ಮೇಳ ನಡೆಸುತ್ತ ಬಂದಿದೆ. ಕೇರಳದ ಶಾಲಾ ಕಲೋತ್ಸವದಲ್ಲೂ ಯಕ್ಷಗಾನವಿದೆ, ಸಂತೋಷ. ಆದರೆ ಸ್ಪರ್ಧೆಗೆ ಆರಿಸುವುದು ಗೆಲ್ಲಬಲ್ಲ ಮಕ್ಕಳನ್ನು. ಕಂಬಕ್ಕೆ ಒರಗಿ ಕೂತವಳನ್ನು ಯಾರು ಕರೆಯುತ್ತಾರೆ?

ಪಂಚಾಯತುಗಳು, ವಾಚನಾಲಯಗಳು, ಯುವಕ ಮಂಡಲಗಳು ಎಣ್ಮಕಜೆ, ದೇಲಂಪಾಡಿಯಂಥ ಒಳಭಾಗಗಳಲ್ಲೂ ಇಂಥ ಶಿಬಿರ ನಡೆಸಲಿ. ಬಿಸಿಲೇರುವ ಮೊದಲು ಬೆಳಿಗ್ಗೆ ಮೂರು ತಾಸು ಸಾಕು. ಒಂದು ಹಾರ್ಮೋನಿಯಂ, ಒಂದು ಡೋಲಕ್, ಹಾಡು ಬಲ್ಲ ಒಬ್ಬರು ಬೇಕು. ಬಹುಮಾನ ಇಡುವುದು ಬೇಡ. ಅಭ್ಯಾಸದ ದಿನಗಳಲ್ಲಿ ಹೆತ್ತವರು ಮೊಬೈಲ್ ಎತ್ತಿ ವಿಡಿಯೋ ಮಾಡುವುದೂ ಬೇಡ, ಹಿಂಜರಿಯುವ ಮಗು ಅದನ್ನು ಕಂಡರೇ ಮುದುಡುತ್ತದೆ.

ಶಾಲೆ ತೆರೆಯುವುದು ಜೂನಿನಲ್ಲಿ. ನಮ್ಮ ಊರಲ್ಲಿ ಯಾರಾದರೂ ಮುಂದೆ ಬಂದರೆ ಚಪ್ಪರಕ್ಕೆ ಬೇಕಾದ ತೆಂಗಿನ ಮಡಲು ನಮ್ಮ ತೋಟದಿಂದ ಕೊಡುತ್ತೇವೆ.

— ಒಬ್ಬ ತಾಯಿ, ಪೆರ್ಲ, ಕಾಸರಗೋಡು ಜಿಲ್ಲೆ